ಚಿಯಾಂಗ್ ಮಾಯ್‌ನಲ್ಲಿ ನಾಲ್ಕು ದಿನ: ಏನು ನೋಡಬೇಕು, ಹೇಗೆ ಓಡಾಡಬೇಕು, ಏನು ತಿನ್ನಬೇಕು

ಥಾಯ್ಲೆಂಡ್ ಅಂದ ಕೂಡಲೇ ನಮ್ಮ ಟ್ರಾವೆಲ್ಸ್‌ನವರು ಮುಂದೆ ಚಾಚುವ ಪಟ್ಟಿ ಒಂದೇ. ಬ್ಯಾಂಕಾಕ್, ಪಟ್ಟಾಯ, ಇನ್ನೆರಡು ರಾತ್ರಿ ಜಾಸ್ತಿ ಇದ್ದರೆ ಫುಕೆಟ್. ಉತ್ತರದ ಬೆಟ್ಟಗಳ ಬುಡದಲ್ಲಿರುವ ಚಿಯಾಂಗ್ ಮಾಯ್ ಆ ಪಟ್ಟಿಗೆ ಬರುವುದೇ ಕಡಿಮೆ. ಸಮುದ್ರ ಇಲ್ಲ, ಅದಕ್ಕೇ ಇರಬೇಕು. ಆದರೆ ನಡೆದು ನೋಡುವ ಊರು ಇಷ್ಟ ಅನ್ನುವವರಿಗೆ, ಜೊತೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ನಾವು ಹೋದದ್ದು ಮೂವರು: ನಾನು, ಹೆಂಡತಿ, ಮಂಡಿನೋವಿನ ಅಮ್ಮ. ಅಲ್ಲಿ ಕಲಿತದ್ದು, ಎಡವಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಇಡೀ ಪ್ರವಾಸಕ್ಕೆ ಒಂದೇ ಸೂತ್ರ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಎದ್ದು ಹತ್ತೂವರೆಯೊಳಗೆ ದೇವಸ್ಥಾನಗಳನ್ನು ನೋಡಿ ಮುಗಿಸಿ. ಮಧ್ಯಾಹ್ನ ನೆರಳಲ್ಲಿರಿ. ಸಂಜೆ ನಾಲ್ಕರ ಮೇಲೆ ಮತ್ತೆ ಹೊರಡಿ. ನಡು ಮಧ್ಯಾಹ್ನ ಬಿಸಿಲಿನ ಜೊತೆ ಟೂರಿಸ್ಟ್ ಬಸ್ಸುಗಳೂ ಇರುತ್ತವೆ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರಗಳವರೆಗೆ ಒಳ್ಳೆಯ ಕಾಲ. ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಒಂದು ಸ್ವೆಟರ್ ಬೇಕು. ಜೂನ್‌ನಿಂದ ಅಕ್ಟೋಬರ್ ಮಳೆಗಾಲ. ಎಲ್ಲ ಹಸಿರಾಗಿರುತ್ತದೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮಾತ್ರ ಬೇಡ. ಕಾಡಿಗೆ ಬೀಳುವ ಬೆಂಕಿ, ಹೊಲದ ಕೂಳೆ ಸುಡುವ ಬೆಂಕಿ ಎರಡೂ ಸೇರಿ ಊರಿಗೆ ಊರೇ ಹೊಗೆ ಕವಿದಿರುತ್ತದೆ. ಎದುರಿಗಿರುವ ಬೆಟ್ಟವೇ ಕಾಣುವುದಿಲ್ಲ. ಆಸ್ತಮಾ ಇರುವವರು ಆ ತಿಂಗಳುಗಳಲ್ಲಿ ಖಂಡಿತ ಹೋಗಬಾರದು.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳಿ, ಹೋದ ವರ್ಷ ಹೋಗಿ ಬಂದ ನೆಂಟರ ಮಾತು ನಂಬಬೇಡಿ. 2025ರ ಮೇ 1ರಿಂದ ಎಲ್ಲ ವಿದೇಶಿಯರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬುವುದು. ಇದಕ್ಕೆ ಒಂದು ಪೈಸೆಯೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಸೈಟುಗಳು ಮೇಲೆ ಬರುತ್ತವೆ, ಅವು ಸರ್ಕಾರದವಲ್ಲ. ಇನ್ನೊಂದು ವಿಷಯ. ಇ-ಸಿಗರೇಟ್ ಆ ದೇಶದಲ್ಲಿ ನಿಷೇಧ. ಬ್ಯಾಗಿನಲ್ಲಿದ್ದರೆ ತೆಗೆದು ಮನೆಯಲ್ಲೇ ಇಡಿ.

ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಲೆಕ್ಕ ಹಾಕಿಕೊಳ್ಳಿ. ಅಲ್ಲಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲಕ್ಕೂ ಇನ್ನೂರು ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತವೆ. ಹಾಗಾಗಿ ಚೂರುಚೂರು ತೆಗೆಯದೆ ಒಂದೇ ಸಲ ತೆಗೆಯಿರಿ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ನಾಲ್ಕು ದಿನದಲ್ಲಿ ಒಂದು ಶನಿವಾರ, ಒಂದು ಭಾನುವಾರ ಸೇರುವ ಹಾಗೆ ಟಿಕೆಟ್ ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಲುಪುವುದು, ತಂಗುವುದು

ಬ್ಯಾಂಕಾಕ್‌ನಿಂದ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ನನ್ನ ಓಟು ರಾತ್ರಿ ರೈಲಿಗೆ. ಬ್ಯಾಂಕಾಕ್‌ನ ಹೊಸ ದೊಡ್ಡ ನಿಲ್ದಾಣ ಕ್ರುಂಗ್ ಥೇಪ್ ಅಪಿವಾಟ್‌ನಿಂದ ಸಂಜೆ ಹೊರಟು ಸುಮಾರು 750 ಕಿಲೋಮೀಟರ್ ಓಡಿ ಬೆಳಗ್ಗೆ ತಲುಪಿಸುತ್ತದೆ. ಬರ್ತ್‌ಗಳು ರೈಲು ಹೋಗುವ ದಿಕ್ಕಿಗೇ ಉದ್ದಕ್ಕೆ ಇರುತ್ತವೆ. ರಾತ್ರಿ ಒಬ್ಬರು ಬಂದು ಸೀಟನ್ನು ಹಾಸಿಗೆ ಮಾಡಿ, ಬಿಳಿ ಬೆಡ್‌ಶೀಟ್ ಹಾಸಿ, ಪರದೆ ಎಳೆದುಕೊಟ್ಟು ಹೋಗುತ್ತಾರೆ. ಕೆಳಗಿನ ಬರ್ತ್ ಅಗಲ ಜಾಸ್ತಿ, ಬೇಗ ಖಾಲಿಯಾಗುವುದೂ ಅದೇ. ಎಸಿ ಮಾತ್ರ ಸಿಕ್ಕಾಪಟ್ಟೆ, ಅಮ್ಮ ಶಾಲು ಸುತ್ತಿಕೊಂಡೇ ಮಲಗಿದ್ದರು.

ರೂಮನ್ನು ಹಳೇ ಊರಿನ ಒಳಗೇ ಮಾಡಿ. ಚಿಯಾಂಗ್ ಮಾಯ್‌ನ ಹಳೇ ಊರು ಒಂದು ಚೌಕ. ಪ್ರತಿ ಬದಿಯೂ ಸುಮಾರು ಒಂದೂವರೆ ಕಿಲೋಮೀಟರ್. ಸುತ್ತಲೂ ನೀರು ತುಂಬಿದ ಅಗಳು, ಅಲ್ಲಲ್ಲಿ ಉಳಿದಿರುವ ಇಟ್ಟಿಗೆ ಕೋಟೆ, ಮೂಲೆಗಳಲ್ಲಿ ಕೊತ್ತಲ. ದಾರಿ ತಪ್ಪಿದರೂ ನೇರಕ್ಕೆ ನಡೆದರೆ ಅಗಳು ಸಿಗುತ್ತದೆ. ಅಲ್ಲಿಂದ ಯಾವ ಬಾಗಿಲು ಹತ್ತಿರ ಅಂತ ನೋಡಿಕೊಂಡರೆ ಮುಗಿಯಿತು. ಪೂರ್ವಕ್ಕೆ ಥಾ ಪೇ ಬಾಗಿಲು, ಉತ್ತರಕ್ಕೆ ಬಿಳಿ ಆನೆಯ ಹೆಸರಿನ ಚಾಂಗ್ ಪುವಾಕ್, ಪಶ್ಚಿಮಕ್ಕೆ ಹೂದೋಟದ ಹೆಸರಿನ ಸುವಾನ್ ದೋಕ್, ದಕ್ಷಿಣಕ್ಕೆ ಚಿಯಾಂಗ್ ಮಾಯ್ ಬಾಗಿಲು.

ಓಡಾಟಕ್ಕೆ ಕೆಂಪು ಸಾಂಗ್‌ತೇವ್ ಇದೆ. ನಮ್ಮ ಹಳ್ಳಿ ಕಡೆಯ ಟೆಂಪೋ ನೆನಪಿಸಿಕೊಳ್ಳಿ. ಹಿಂದೆ ಎದುರುಬದುರು ಎರಡು ಬೆಂಚು, ಹಾಗೇ ಅದರ ಹೆಸರಿನ ಅರ್ಥವೂ ‘ಎರಡು ಸಾಲು’. ಕೈ ಅಡ್ಡ ಹಿಡಿಯಿರಿ, ಡ್ರೈವರ್‌ಗೆ ಜಾಗದ ಹೆಸರು ಹೇಳಿ. ತಲೆ ಆಡಿಸಿದರೆ ಹತ್ತಿ, ಇಲ್ಲವಾದರೆ ಮುಂದಿನದಕ್ಕೆ ಕಾಯಿರಿ. ಇಳಿಯುವಾಗ ಚಾವಣಿಯ ಬೆಲ್ ಒತ್ತಿ, ಮುಂದಿನ ಕಿಟಕಿಗೆ ಹೋಗಿ ದುಡ್ಡು ಕೊಡಿ. ಊರೊಳಗೆ ತಲೆಗೆ 30 ಬಾತ್ ಅಂದಾಜು. ಹತ್ತುವ ಮುಂಚೆ ‘ಎಷ್ಟು’ ಅಂತ ಕೇಳಿದಿರೋ, ಇವರು ಗಾಡಿ ಪೂರ್ತಿ ಬಾಡಿಗೆಗೆ ಕೇಳುತ್ತಿದ್ದಾರೆ ಅಂದುಕೊಂಡು ಇನ್ನೂರು ಮುನ್ನೂರು ಹೇಳಿಬಿಡುತ್ತಾರೆ. ಮೊದಲ ದಿನ ನನಗೆ ಆದದ್ದು ಅದೇ. ಗ್ರ್ಯಾಬ್, ಬೋಲ್ಟ್ ಟ್ಯಾಕ್ಸಿ ಆ್ಯಪ್‌ಗಳೂ ಚೆನ್ನಾಗಿ ನಡೆಯುತ್ತವೆ.

ಬಾಡಿಗೆ ಸ್ಕೂಟರ್ ಬೀದಿಗೊಂದು ಸಿಗುತ್ತದೆ. ರಸ್ತೆಯ ಎಡಕ್ಕೇ ಓಡಿಸುವುದು, ಕಷ್ಟವಿಲ್ಲ. ಆದರೆ ದ್ವಿಚಕ್ರಕ್ಕೂ ಅನ್ವಯವಾಗುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಲ್ಲದೆ ಹತ್ತಬೇಡಿ. ಪೊಲೀಸರು ತಡೆದು ದಂಡ ಹಾಕುತ್ತಾರೆ ಅನ್ನುವುದು ಚಿಕ್ಕ ವಿಷಯ. ಬಿದ್ದರೆ ಇನ್ಶೂರೆನ್ಸ್ ಸಿಗುವುದಿಲ್ಲ ಅನ್ನುವುದು ದೊಡ್ಡದು.

ಮೊದಲ ದಿನ: ಹಳೇ ಊರು, ಕಾಲ್ನಡಿಗೆಯಲ್ಲಿ

ಬೆಳಗ್ಗೆ ಆರಕ್ಕೆ ಬೀದಿಗೆ ಬನ್ನಿ. ಬರಿಗಾಲಿನ ಭಿಕ್ಷುಗಳು ಪಾತ್ರೆ ಹಿಡಿದು ಭಿಕ್ಷೆಗೆ ಹೊರಟಿರುತ್ತಾರೆ. ಕೆಲವು ಮನೆಗಳ ಮುಂದೆ ಅಜ್ಜಿಯರು ಅನ್ನ ಹಿಡಿದು ಕಾದಿರುತ್ತಾರೆ. ಪಾತ್ರೆಗೆ ಹಾಕಿ, ಚಪ್ಪಲಿ ಬಿಟ್ಟು ತಲೆ ಬಾಗಿ ಕೂರುತ್ತಾರೆ. ಭಿಕ್ಷು ನಾಲ್ಕು ಮಾತು ಪಾಲಿ ಹೇಳಿ ಮುಂದೆ ನಡೆಯುತ್ತಾರೆ. ನೀವೂ ಹಾಕಬಹುದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಕೈಗೆ ಕೈ ಕೊಡುವಂತಿಲ್ಲ, ಪಾತ್ರೆಯೊಳಗೆ ಇಟ್ಟರೆ ಸರಿ. ಫೋಟೊ ಬೇಕಾದರೆ ದೂರದಿಂದ ತೆಗೆಯಿರಿ, ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಅಲ್ಲಿಂದ ಈಶಾನ್ಯ ಮೂಲೆಯ ವಾಟ್ ಚಿಯಾಂಗ್ ಮಾನ್‌ಗೆ ಹೋಗಿ. ವಾಟ್ ಅಂದರೆ ಬೌದ್ಧ ದೇವಾಲಯ ಮತ್ತು ಮಠ ಎರಡೂ. 1296ರಲ್ಲಿ ಮಂಗ್ರಾಯ್ ಎಂಬ ರಾಜ ಈ ಊರನ್ನು ಕಟ್ಟಿದ. ಚಿಯಾಂಗ್ ಮಾಯ್ ಅಂದರೆ ‘ಹೊಸ ಊರು’, ಏಳುನೂರು ವರ್ಷ ಕಳೆದರೂ ಅದೇ ಹೆಸರು. ಅವನ ಲಾನ್ನಾ ರಾಜ್ಯದ ಹೆಸರಿನ ಅರ್ಥ ಹತ್ತು ಲಕ್ಷ ಗದ್ದೆ. ಊರು ಕಟ್ಟುವಾಗ ಅವನು ತಂಗಿದ್ದ ಜಾಗದಲ್ಲೇ ಈ ವಾಟ್ ಎದ್ದಿತು ಅನ್ನುತ್ತಾರೆ, ಊರಿನಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ಹಿಂದಿನ ಸ್ತೂಪವನ್ನು 15 ಆನೆಗಳು ಬೆನ್ನ ಮೇಲೆ ಹೊತ್ತು ನಿಂತಿವೆ. ಬೆಳಗ್ಗೆ ಏಳಕ್ಕೆ ಅಲ್ಲಿ ಕಸ ಗುಡಿಸುವ ಸದ್ದು ಬಿಟ್ಟು ಇನ್ನೇನೂ ಇರುವುದಿಲ್ಲ.

ದಾರಿಯಲ್ಲಿ ಮೂರು ರಾಜರ ಪ್ರತಿಮೆ ಸಿಗುತ್ತದೆ. ಮಂಗ್ರಾಯ್, ಸುಖೋಥಾಯ್‌ನ ರಾಮ್‌ಖಾಮ್‌ಹೇಂಗ್, ಪಯಾವ್‌ನ ಙಾಮ್ ಮುವಾಂಗ್. ಊರಿನ ಜಾಗ ಆರಿಸಲು ಮಂಗ್ರಾಯ್ ಈ ಇಬ್ಬರು ಗೆಳೆಯರನ್ನು ಕರೆಸಿಕೊಂಡಿದ್ದನಂತೆ. ಎದುರಿಗೆ ಲಾನ್ನಾ ಜನಜೀವನದ ಮ್ಯೂಸಿಯಂ ಇದೆ, ಸೋಮವಾರ ಮುಚ್ಚಿರುತ್ತದೆ. ಬಿಸಿಲು ಏರಿದಾಗ ಹೊಕ್ಕುಬರಲು ಒಳ್ಳೆಯ ಜಾಗ.

ಪಶ್ಚಿಮದ ತುದಿಯ ವಾಟ್ ಪ್ರಾ ಸಿಂಗ್ ಜನ ಜಾಸ್ತಿ ಬರುವ ಕಡೆ. 1345ರಲ್ಲಿ ಶುರುವಾದದ್ದು. ಹೆಸರಿನಲ್ಲಿರುವುದು ನಮ್ಮ ಸಿಂಹವೇ. ದೊಡ್ಡ ವಿಹಾರ, ಅಂದರೆ ಪ್ರಾರ್ಥನೆಯ ಮಂದಿರ, ನೋಡಿ ವಾಪಸ್ ಬಂದುಬಿಡಬೇಡಿ, ಹಿಂದೆ ವಿಹಾನ್ ಲಾಯ್ ಖಾಮ್ ಅಂತ ಒಂದು ಚಿಕ್ಕದಿದೆ. ಅದರ ಗೋಡೆಯ ಚಿತ್ರಗಳ ಮುಂದೆ ಸುಮ್ನೆ ಹತ್ತು ನಿಮಿಷ ಕೂರಿ. ಕಥೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಗಂಡಸರ ತೊಡೆ ನೋಡಿ, ಸೊಂಟದಿಂದ ಮಂಡಿಯವರೆಗೆ ದಟ್ಟ ನೀಲಿ ಹಚ್ಚೆ. ಆ ಕಾಲದ ಲಾನ್ನಾ ಗಂಡಸರು ಹಾಗೇ ಇದ್ದರು. ಕಾಲು ಚಾಚಿ ಕೂರಬೇಡಿ. ಅಂಗಾಲು ಬುದ್ಧನ ಕಡೆ ತಿರುಗಬಾರದು, ಕಾಲನ್ನು ಪಕ್ಕಕ್ಕೆ ಮಡಚಿಕೊಳ್ಳಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ವಾಟ್ ಚೇದಿ ಲುವಾಂಗ್ ಅನ್ನು ಸಂಜೆಗೆ ಇಟ್ಟುಕೊಳ್ಳಿ. ಚೇದಿ ಅಂದರೆ ಚೈತ್ಯ, ಸ್ತೂಪ; ಲುವಾಂಗ್ ಅಂದರೆ ದೊಡ್ಡದು. ಹದಿನಾಲ್ಕನೇ ಶತಮಾನದ ಕೊನೆಗೆ ಶುರುವಾಗಿ ಹದಿನೈದರಲ್ಲಿ ಮುಗಿದ ಈ ಇಟ್ಟಿಗೆ ಬೆಟ್ಟ ಸುಮಾರು 80 ಮೀಟರ್ ಎತ್ತರವಿತ್ತು. 1545ರ ಭೂಕಂಪದಲ್ಲಿ ನೆತ್ತಿ ಕುಸಿಯಿತು. ಇವತ್ತಿಗೂ ಮೊಂಡಾಗಿಯೇ ನಿಂತಿದೆ. 1990ರ ದಶಕದಲ್ಲಿ ದುರಸ್ತಿ ಮಾಡಿದವರು ತುದಿಯನ್ನು ಮತ್ತೆ ಕಟ್ಟಲಿಲ್ಲ, ಮೊದಲು ಹೇಗಿತ್ತೋ ಯಾರಿಗೂ ಖಚಿತವಿರಲಿಲ್ಲ. ಬಿಟ್ಟದ್ದೇ ಒಳ್ಳೆಯದಾಯಿತು. ಇಳಿಬಿಸಿಲು ಬಿದ್ದಾಗ ಆ ಮುರಿದ ಅಂಚೇ ಕೆಂಪಗೆ ಹೊಳೆಯುತ್ತದೆ. ಈಗ ಬ್ಯಾಂಕಾಕ್‌ನ ಅರಮನೆಯ ಪಕ್ಕ ಇರುವ ಪ್ರಸಿದ್ಧ ಪಚ್ಚೆ ಬುದ್ಧ ಹಿಂದೆ ಇದೇ ಚೇದಿಯ ಪೂರ್ವದ ಗೂಡಿನಲ್ಲಿತ್ತು.

ಅದೇ ಆವರಣದಲ್ಲಿ, ಬಾಗಿಲ ಹತ್ತಿರ, ದೊಡ್ಡ ಮರದ ಪಕ್ಕ ಒಂದು ಚಿಕ್ಕ ಗುಡಿ ಇದೆ. ಊರಿನ ಕಂಬ ಅದರೊಳಗಿದೆ. ಹೆಸರು ‘ಸಾವ್ ಇಂಥಖಿನ್’. ಎರಡು ಸಲ ಬಾಯಲ್ಲಿ ಹೇಳಿ ನೋಡಿ. ಇಂದ್ರಕೀಲ! ಅರ್ಜುನ ಪಾಶುಪತಕ್ಕೆ ತಪಸ್ಸು ಮಾಡಿದ ಬೆಟ್ಟದ ಹೆಸರು ಇಲ್ಲಿ ಊರು ಕಾಯುವ ಕಂಬಕ್ಕಿದೆ. ಅಮ್ಮನಿಗೆ ಹೇಳಿದೆ. “ಕಂಬ ಅಂದ್ಮೇಲೆ ನಮ್ಮ ಗರುಡಗಂಬದ ಥರ ಹೊರಗಿರಬೇಕಲ್ವೇನೋ, ಒಳಗ್ಯಾಕೆ ಇಟ್ಟವ್ರೆ?” ಅಂದರು. ಒಳಗೆ ಹೋಗಿ ನೋಡೋಣ ಅಂದರೆ ಬಾಗಿಲಲ್ಲಿ ಬೋರ್ಡು: ಹೆಂಗಸರಿಗೆ ಪ್ರವೇಶವಿಲ್ಲ. ಅಮ್ಮ ನನ್ನ ಮುಖ ನೋಡಿದರು, ಹೆಂಡತಿ ಬೋರ್ಡು ನೋಡಿದಳು. ನಾನೂ ಹೋಗಲಿಲ್ಲ. ವರ್ಷಕ್ಕೊಮ್ಮೆ, ಮೇ–ಜೂನ್ ಹೊತ್ತಿಗೆ ಈ ಕಂಬದ ಹಬ್ಬ ನಡೆಯುತ್ತದೆ. ಮಳೆ ಬೆಳೆ ಚೆನ್ನಾಗಿ ಆಗಲಿ ಅಂತ ಇಡೀ ಊರು ಹೂ ತಂದು ಇಡುತ್ತದೆ.

ದೊಡ್ಡ ವಾಟ್‌ಗಳಲ್ಲಿ ವಿದೇಶಿಯರಿಗೆ 50 ಬಾತ್ ಆಸುಪಾಸಿನ ಟಿಕೆಟ್ ಇರಬಹುದು. ಚಿಕ್ಕವಕ್ಕೆ ಏನೂ ಇಲ್ಲ. ಚೇದಿ ಲುವಾಂಗ್‌ನ ಪಕ್ಕದಲ್ಲೇ ಇರುವ ವಾಟ್ ಪಾನ್ ತಾವ್, ಪೂರ್ತಿ ತೇಗದ ಹಲಗೆಯದು, ತಪ್ಪಿಸಬೇಡಿ.

ಊಟದ ವಿಷಯ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನಮ್ಮವರು ಜಾಸ್ತಿ ಪೇಚಾಡುವುದು ಇಲ್ಲೇ.

ಎರಡನೇ ರಾತ್ರಿ ಒಂದು ಅಂಗಡಿಯಲ್ಲಿ ‘ನೋ ಮೀಟ್, ನೋ ಫಿಶ್’ ಅಂತ ಹತ್ತು ಸಲ ಹೇಳಿ ತರಕಾರಿ ಸಾರು ತರಿಸಿಕೊಂಡೆವು. ಅಮ್ಮ ಎರಡು ಚಮಚ ಕುಡಿದು “ಏನೋ ಒಣಮೀನಿನ ವಾಸನೆ” ಅಂದರು. ಅಂಗಡಿಯಾಕೆ ಸುಳ್ಳು ಹೇಳಿರಲಿಲ್ಲ. ಮೀನಿನ ತುಂಡು ಒಂದೂ ಇರಲಿಲ್ಲ. ಆದರೆ ಉಪ್ಪಿನ ಬದಲು ಬಿದ್ದಿದ್ದು ನಾಮ್ ಪ್ಲಾ, ಅಂದರೆ ಮೀನಿನ ಸಾಸ್. ಅಲ್ಲಿ ಅದು ಉಪ್ಪಿನ ಲೆಕ್ಕ, ಮೀನಿನ ಲೆಕ್ಕವಲ್ಲ. ಕರಿಗೆ ಹಾಕುವ ಮಸಾಲೆಯಲ್ಲೂ ಸಾಮಾನ್ಯವಾಗಿ ಸೀಗಡಿ ಅರೆದ ಪೇಸ್ಟ್ ಇರುತ್ತದೆ.

ಇದಕ್ಕೆ ಮದ್ದು ಒಂದೇ ಅಕ್ಷರದ ಪದ: ಜೇ. ಚೀನೀ ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿ ಅಡುಗೆಯವರಿಗೆ ಇದಕ್ಕಿಂತ ಇನ್ನೇನು ಬೇಕು! ಅಂಗಡಿಯ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಥಾಯ್ ಅಕ್ಷರ ನೋಡಲು 17 ಅಂತ ಬರೆದಂತೆ ಕಾಣುತ್ತದೆ. ಹದಿನೇಳು ಕಂಡಲ್ಲಿ ಒಳಗೆ ನುಗ್ಗಿ. ‘ಕಿನ್ ಜೇ’ ಅಂದರೆ ‘ನಾನು ಜೇ ತಿನ್ನುವವನು’.

ಇನ್ನೊಂದು ಪದ ‘ಮಾಂಗ್ಸವಿರಾಟ್’. ಬಿಡಿಸಿದರೆ ಮಾಂಸ, ವಿರತಿ. ನಮ್ಮ ಸಂಸ್ಕೃತ ಪದವೇ. ಆದರೆ ಇದರಲ್ಲಿ ಮೊಟ್ಟೆ ನಡೆಯುತ್ತದೆ, ಬೇಡವಾದರೆ ‘ಮಾಯ್ ಸಾಯ್ ಖಾಯ್’ ಅನ್ನಿ. ಮೀನಿನ ಸಾಸ್ ಬೇಡ ಅನ್ನಲು ‘ಮಾಯ್ ಸಾಯ್ ನಾಮ್ ಪ್ಲಾ’. ಥಾಯ್ ಮಾತಿನಲ್ಲಿ ರಾಗ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ ಹೋಟೆಲ್‌ನವರ ಕೈಯಲ್ಲಿ ಮೊದಲ ದಿನವೇ ಥಾಯ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ನಮ್ಮನ್ನು ಉಳಿಸಿದ್ದು ಆ ಒಂದು ಫೋಟೊ.

ಈ ಊರಿನ ತಿಂಡಿ ಅಂದರೆ ಖಾವ್ ಸೋಯ್. ತೆಂಗಿನ ಹಾಲಿನ ಹಳದಿ ಸಾರಿನಲ್ಲಿ ಮೆತ್ತನೆಯ ನೂಡಲ್ಸ್, ಮೇಲೆ ಕರಿದ ಗರಿಗರಿ ನೂಡಲ್ಸ್ ಒಂದು ಹಿಡಿ. ಪಕ್ಕದ ತಟ್ಟೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು, ಸಣ್ಣ ಈರುಳ್ಳಿ, ನಿಂಬೆಹೋಳು, ಹುರಿದ ಖಾರದ ಎಣ್ಣೆ. ಎಲ್ಲ ಹಾಕಿ ಕಲಸಿಕೊಂಡ ಮೇಲೇ ರುಚಿ. ಸಾಮಾನ್ಯವಾಗಿ ಕೋಳಿ ಇರುತ್ತದೆ, ನೂಡಲ್ಸ್‌ಗೆ ಮೊಟ್ಟೆ ಬಿದ್ದಿರುತ್ತದೆ. ಸಸ್ಯಾಹಾರಿ ಹೋಟೆಲುಗಳಲ್ಲಿ ತೋಫು, ಅಣಬೆ ಹಾಕಿದ್ದು ಸಿಗುತ್ತದೆ. ಮಾಂಸ ತಿನ್ನುವವರು ಸಾಯ್ ಉವಾ ಎಂಬ ಹಂದಿ ಸಾಸೇಜ್ ಬಿಡಬಾರದು. ಮಜ್ಜಿಗೆ ಹುಲ್ಲು, ನಿಂಬೆ ಎಲೆಯ ಘಮ ಬೀದಿಯ ಆ ತುದಿಗೇ ಬರುತ್ತದೆ. ಇಲ್ಲಿ ಅನ್ನ ಅಂದರೆ ಅಂಟು ಅಕ್ಕಿಯ ಅನ್ನ, ಬಿದಿರ ಬುಟ್ಟಿಯಲ್ಲಿ ಕೊಡುತ್ತಾರೆ. ಕೈಯಲ್ಲಿ ಉಂಡೆ ಮಾಡಿ ಅದ್ದಿಕೊಂಡು ತಿನ್ನುವುದು. ಮುದ್ದೆ ಗೊತ್ತಿರುವ ಕೈಗೆ ಹೇಳಿಕೊಡಬೇಕಾಗಿಲ್ಲ.

ಎರಡನೇ ದಿನ: ದೋಯ್ ಸುಥೇಪ್ ಬೆಟ್ಟ

ಊರಿನ ಎಲ್ಲ ಕಡೆಯಿಂದಲೂ ಕಾಣುವ ಬೆಟ್ಟ ಇದು. ದೋಯ್ ಅಂದರೆ ಬೆಟ್ಟ. ಸುಥೇಪ್ ಅನ್ನುವುದು ಇಲ್ಲಿ ತಪಸ್ಸಿಗಿದ್ದ ವಾಸುದೇವ ಎಂಬ ಋಷಿಯ ಹೆಸರಂತೆ. ಬುದ್ಧನ ಅಸ್ಥಿಯನ್ನು ಬಿಳಿ ಆನೆಯ ಬೆನ್ನ ಮೇಲಿಟ್ಟು ಬಿಟ್ಟರು. ಅದು ಬೆಟ್ಟ ಹತ್ತಿತು, ಮೂರು ಸಲ ಘೀಳಿಟ್ಟಿತು, ಅಲ್ಲೇ ಪ್ರಾಣ ಬಿಟ್ಟಿತು. ಆ ಜಾಗದಲ್ಲಿ ಹದಿನಾಲ್ಕನೇ ಶತಮಾನದ ಕೊನೆಗೆ ಚೇದಿ ಕಟ್ಟಿದರು ಅನ್ನುತ್ತದೆ ಕಥೆ.

ರಸ್ತೆಯ ಕಥೆ ಇನ್ನೂ ಚೆನ್ನಾಗಿದೆ. 1934ರವರೆಗೆ ಮೇಲಕ್ಕೆ ಕಾಲುದಾರಿ ಮಾತ್ರ ಇತ್ತು. ಖ್ರೂಬಾ ಸಿವಿಚಾಯ್ ಎಂಬ ಭಿಕ್ಷು ಆ ವರ್ಷದ ನವೆಂಬರ್‌ನಲ್ಲಿ ಗುದ್ದಲಿ ಪೂಜೆ ಮಾಡಿದರು. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬಂದು ಕೂಲಿಯಿಲ್ಲದೆ ದುಡಿದರು. 1935ರ ಏಪ್ರಿಲ್ ಕೊನೆಗೆ, ಆರು ತಿಂಗಳೊಳಗೆ, ರಸ್ತೆ ಮುಗಿಯಿತು. ಬೆಟ್ಟದ ಬುಡದಲ್ಲಿ ಅವರ ಪ್ರತಿಮೆ ಇದೆ. ಇವತ್ತಿಗೂ ಅಲ್ಲಿ ನಿಲ್ಲಿಸಿ, ಊದುಬತ್ತಿ ಹಚ್ಚಿ, ಬಂಗಾರದ ರೇಕು ಅಂಟಿಸಿಯೇ ಜನ ಮೇಲೆ ಹೋಗುತ್ತಾರೆ.

ಹೋಗುವ ದಾರಿ ಎರಡು. ಕಾಲು ಗಟ್ಟಿ ಇರುವವರು ವಿಶ್ವವಿದ್ಯಾಲಯದ ಹಿಂದಿನ ಸುಥೇಪ್ ರಸ್ತೆಯ ತುದಿಯಿಂದ ಭಿಕ್ಷುಗಳ ಕಾಲುದಾರಿ ಹಿಡಿಯಬಹುದು. ಮರಗಳಿಗೆ ಕಾವಿ ಬಟ್ಟೆ ಕಟ್ಟಿರುತ್ತಾರೆ, ಅದೇ ಗುರುತು. ಮುಕ್ಕಾಲು ಗಂಟೆ ಹತ್ತಿದರೆ ವಾಟ್ ಪಾ ಲಾಟ್ ಸಿಗುತ್ತದೆ. ಬಂಡೆಯ ಮೇಲೆ ಹರಿಯುವ ತೊರೆ, ಪಾಚಿ ಹಿಡಿದ ಮೂರ್ತಿಗಳು, ಕೆಳಗೆ ಇಡೀ ಊರು. ಬೆಟ್ಟದ ಮೇಲಿನ ಬಂಗಾರದ ಚೇದಿಯ ವಾಟ್‌ಗಿಂತ ಇದೇ ನನಗೆ ಹಿಡಿಸಿತು ಅಂದರೆ ಅಲ್ಲಿನವರು ಬೈಯಬಹುದು. ಅಲ್ಲಿಂದ ಮೇಲಕ್ಕೆ ದಾರಿ ಕಡಿದಾಗುತ್ತದೆ, ರಸ್ತೆಗೆ ಬಂದು ಸಾಂಗ್‌ತೇವ್ ಹತ್ತಿದರೂ ಆಯಿತು.

ಉಳಿದವರಿಗೆ ಊರಿನಿಂದಲೇ ಸಾಂಗ್‌ತೇವ್ ಇದೆ. ಏಳೂವರೆಗೆ ಮೇಲಿರಿ. ನಾಗಗಳು ಎರಡೂ ಬದಿಗೆ ಮೈ ಚಾಚಿರುವ ಮೆಟ್ಟಿಲು 300ಕ್ಕೂ ಜಾಸ್ತಿ. ಮಂಡಿನೋವಿದ್ದರೆ ಪಕ್ಕದಲ್ಲೇ ಲಿಫ್ಟ್ ಇದೆ, ಅಮ್ಮ ನಮಗಿಂತ ಮೊದಲೇ ಮೇಲೆ ತಲುಪಿ ಕೂತಿದ್ದರು. ಒಳಗೆ ಬಂಗಾರದ ಚೇದಿ. ಜನ ತಾವರೆ ಮೊಗ್ಗು ಹಿಡಿದು ಮೂರು ಸುತ್ತು ಬರುತ್ತಾರೆ, ನಮ್ಮ ಹಾಗೇ ಬಲಗಡೆ ದೇವರಿರುವಂತೆ. ಪ್ರದಕ್ಷಿಣೆ ಹೇಗೆ ಅಂತ ಯಾರೂ ಅಮ್ಮನಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಇಳಿಯುವಾಗ ವಾಟ್ ಉಮೋಂಗ್ ನೋಡಿಕೊಂಡು ಬನ್ನಿ. ಬೆಟ್ಟದ ಬುಡದ ಕಾಡಿನೊಳಗೆ ಇಟ್ಟಿಗೆಯ ಸುರಂಗಗಳು, ಕೊನೆಗೊಂದು ಬುದ್ಧ. ಬಿರುಬಿಸಿಲಿನಲ್ಲೂ ಒಳಗೆ ತಂಪು. ಮಧ್ಯಾಹ್ನಕ್ಕೆ ಸರಿಯಾದ ಜಾಗ.

ಮೂರನೇ ದಿನ: ಕೈಯಾರೆ ಏನಾದರೂ ಮಾಡಿ

ಮೂರನೇ ದಿನಕ್ಕೆ ವಾಟ್‌ಗಳು ಒಂದರ ಹಾಗೇ ಇನ್ನೊಂದು ಕಾಣಲು ಶುರುವಾಗುತ್ತದೆ. ಇದು ಎಲ್ಲರಿಗೂ ಆಗುವುದೇ, ಬೇಸರ ಬೇಡ. ಅವತ್ತು ಅಡುಗೆ ಕ್ಲಾಸಿಗೆ ಸೇರಿ. ಅರ್ಧ ದಿನದ ಕ್ಲಾಸುಗಳು ಊರಿನ ತುಂಬ ಇವೆ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಹೇಳಿದರೆ ಸೋಯಾ ಸಾಸ್ ಹಾಕಿ ಮಾಡಿಸುತ್ತಾರೆ. ಮೊದಲು ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಕಲ್ಲಿನ ಕುಟ್ಟಾಣಿ ಕೈಗೆ ಕೊಡುತ್ತಾರೆ. ಒಣಮೆಣಸು, ಮಜ್ಜಿಗೆ ಹುಲ್ಲು, ಶುಂಠಿಯ ನೆಂಟನಾದ ಗಲಾಂಗಲ್, ನಿಂಬೆ ಸಿಪ್ಪೆ, ಕೊತ್ತಂಬರಿ ಬೇರು. ಹೌದು, ನಾವು ಎಸೆಯುವ ಬೇರು. ಹತ್ತು ನಿಮಿಷ ಕುಟ್ಟಿದ ಮೇಲೂ ನನ್ನದು ತರಿತರಿಯಾಗಿತ್ತು. ಹೆಂಡತಿ ಕಿತ್ತುಕೊಂಡು ಎರಡೇ ನಿಮಿಷದಲ್ಲಿ ನುಣ್ಣಗೆ ಮಾಡಿದಳು. ಕಲಿಸುವಾಕೆ ನನ್ನ ಕಡೆ ನೋಡಿ ನಕ್ಕಳು, ಭಾಷೆ ಬೇಕಾಗಲಿಲ್ಲ.

ಕುಸುರಿ ಕೆಲಸದ ಮೇಲೆ ಮನಸ್ಸಿದ್ದರೆ ಪೂರ್ವಕ್ಕೆ ಸುಮಾರು 9 ಕಿಲೋಮೀಟರ್ ದೂರದ ಬೋ ಸಾಂಗ್. ಬಿದಿರ ಕಡ್ಡಿಗೆ ಸಾ ಕಾಗದ ಅಂಟಿಸಿ ಕೊಡೆ ಮಾಡುವ ಹಳ್ಳಿ. ಸಾ ಅಂದರೆ ಹಿಪ್ಪುನೇರಳೆಯ ನೆಂಟ ಮರ, ತೊಗಟೆ ಬೇಯಿಸಿ ಕಾಗದ ಮಾಡುತ್ತಾರೆ. ನಿಮ್ಮ ಬ್ಯಾಗು, ಫೋನ್ ಕವರ್ ಕೊಟ್ಟರೆ ಅದರ ಮೇಲೂ ಹೂ ಬಳ್ಳಿ ಬರೆದುಕೊಡುವ ಕಲಾವಿದರಿದ್ದಾರೆ.

ಮಧ್ಯಾಹ್ನದ ಮೇಲೆ ಭಿಕ್ಷುಗಳ ಜೊತೆ ಮಾತಿಗೆ ಕೂರಬಹುದು. ವಾಟ್ ಚೇದಿ ಲುವಾಂಗ್, ವಾಟ್ ಸುವಾನ್ ದೋಕ್‌ಗಳಲ್ಲಿ ‘ಮಾಂಕ್ ಚಾಟ್’ ಅಂತ ಬೋರ್ಡು ಇರುತ್ತದೆ. ಓದುತ್ತಿರುವ ಹುಡುಗರಿಗೆ ಇಂಗ್ಲಿಷ್ ಅಭ್ಯಾಸ ಆಗಬೇಕು, ನಮಗೆ ಅವರ ಬದುಕು ತಿಳಿಯಬೇಕು. ಮಧ್ಯಾಹ್ನದ ನಂತರ ಊಟ ಮಾಡದೆ ಹೇಗಿರುತ್ತೀರಿ ಅಂತ ಕೇಳಿದೆ. “ಮೊದಲ ತಿಂಗಳು ಹಸಿವು, ಆಮೇಲೆ ಅಭ್ಯಾಸ” ಅಂದ ಹುಡುಗ, ಕ್ರಿಕೆಟ್ ಬಗ್ಗೆ ನನಗಿಂತ ಜಾಸ್ತಿ ಪ್ರಶ್ನೆ ಕೇಳಿದ.

ಈಗ ಶನಿವಾರ, ಭಾನುವಾರದ ಮಾತು. ಶನಿವಾರ ಸಂಜೆ ವುವಾಲಾಯ್ ಬೀದಿಯಲ್ಲಿ ಸಂತೆ. ಅದು ಬೆಳ್ಳಿ ಕೆಲಸದವರ ಬೀದಿ. ಅಲ್ಲಿನ ವಾಟ್ ಸೀ ಸುಪಾನ್‌ನ ದೀಕ್ಷಾ ಮಂದಿರ ಒಳಗೂ ಹೊರಗೂ ಬೆಳ್ಳಿ ಬಣ್ಣದ ತಗಡಿನ ಕುಸುರಿಯಿಂದ ಮುಚ್ಚಿದೆ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ, ಹೊರಗಿನಿಂದ ನೋಡಬಹುದು. ಭಾನುವಾರ ಥಾ ಪೇ ಬಾಗಿಲಿನಿಂದ ಶುರುವಾಗುವ ರಾಚದಾಮ್ನೋನ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ದೊಡ್ಡ ಸಂತೆ. ಐದಕ್ಕೇ ಹೋಗಿ. ಏಳರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಕೈಮಗ್ಗದ ಬಟ್ಟೆ, ಇಂಡಿಗೋ ಅಂಗಿ, ಮರದ ಕಪ್ಪೆ, ಸಾ ಕಾಗದದ ಪುಸ್ತಕ. ತಿಂಡಿ ವಾಟ್‌ಗಳ ಅಂಗಳದಲ್ಲಿ.

ಸರಿಯಾಗಿ ಆರಕ್ಕೆ ಒಂದು ಸಂಗತಿ ನಡೆಯುತ್ತದೆ. ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ, ಅಷ್ಟು ದೊಡ್ಡ ಸಂತೆ ನಿಂತಲ್ಲೇ ನಿಂತುಬಿಡುತ್ತದೆ. ನನ್ನ ಮುಂದಿದ್ದ ಹೆಂಗಸು ದೋಸೆ ಥರದ್ದೇನನ್ನೋ ಮಗುಚಲು ಸೌಟು ಎತ್ತಿದ್ದಳು. ಸೌಟು ಹಾಗೇ ಗಾಳಿಯಲ್ಲಿ. ಗೀತೆ ಮುಗಿಯುವಷ್ಟರಲ್ಲಿ ಅದು ಸ್ವಲ್ಪ ಸೀದಿತ್ತು, ಪಕ್ಕಕ್ಕಿಟ್ಟು ಹೊಸದು ಹುಯ್ದಳು. ನೀವೂ ನಿಂತುಬಿಡಿ. ರಾಜಮನೆತನದ ಬಗ್ಗೆ ತಮಾಷೆಯ ಮಾತು ಅಲ್ಲಿ ಎಲ್ಲೂ ಬೇಡ, ಕಾನೂನು ಬಹಳ ಕಠಿಣ.

ಇಷ್ಟು ನಡೆದ ಕಾಲಿಗೆ ಥಾಯ್ ಮಸಾಜ್ ಬೇಕೇ ಬೇಕು. ಬಟ್ಟೆ ಹಾಕಿಕೊಂಡೇ ಮಾಡಿಸಿಕೊಳ್ಳುವುದು, ಎಣ್ಣೆ ಇಲ್ಲ, ಮನೆಯವರೆಲ್ಲ ಒಟ್ಟಿಗೆ ಹೋಗಬಹುದು. ಇಲ್ಲಿನ ಹೆಂಗಸರ ಜೈಲಿನಲ್ಲಿ ಕೈದಿಗಳಿಗೆ ಈ ಕಸುಬು ಕಲಿಸುತ್ತಾರೆ. ಅವರು ಮತ್ತು ಬಿಡುಗಡೆಯಾದವರು ನಡೆಸುವ ಮಸಾಜ್ ಕೇಂದ್ರಗಳು ಹಳೇ ಊರಿನಲ್ಲಿವೆ. ಅಲ್ಲಿಗೇ ಹೋಗಿ.

ನಾಲ್ಕನೇ ದಿನ: ಊರಾಚೆ

ದೋಯ್ ಇಂಥನೋನ್ ದೇಶದ ಅತಿ ಎತ್ತರದ ಬೆಟ್ಟ, 2,565 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 600 ಮೀಟರ್ ಮೇಲೆ. ಚಿಯಾಂಗ್ ಮಾಯ್‌ನಿಂದ ಸುಮಾರು 100 ಕಿಲೋಮೀಟರ್, ಇಡೀ ದಿನ ಬೇಕು. ತುದಿಯವರೆಗೂ ರಸ್ತೆ ಇದೆ. ವಚಿರಥಾನ್ ಜಲಪಾತ, ಆಗಿನ ರಾಜ ರಾಣಿಯರ 60ನೇ ಹುಟ್ಟುಹಬ್ಬಗಳ ನೆನಪಿಗೆ ಕಟ್ಟಿದ ಜೋಡಿ ಚೇದಿ, ಪಾಚಿ ತುಂಬಿದ ಕಾಡಿನ ಹಲಗೆ ದಾರಿ. ಜಾಕೆಟ್ ಇರಲಿ.

ಇಲ್ಲವಾದರೆ ಆನೆ. ಇಲ್ಲಿ ಆರಿಸುವಾಗ ಹುಷಾರು. ‘ಸ್ಯಾಂಕ್ಚುವರಿ’ ಅಂತ ಎಲ್ಲರೂ ಬೋರ್ಡು ಹಾಕಿಕೊಂಡಿದ್ದಾರೆ. ಸವಾರಿ, ಚಿತ್ರ ಬರೆಸುವ ಆಟ, ಫುಟ್‌ಬಾಲ್ ಇದ್ದಲ್ಲಿಗೆ ಬೇಡ. ಆನೆಯನ್ನು ಮುಟ್ಟದೆ ದೂರದಿಂದ ನೋಡಲು ಬಿಡುವ ಕಡೆ ಹೋಗಿ. ಮೇ ತೇಂಗ್ ಕಣಿವೆಯಲ್ಲಿ ಲೇಕ್ ಚೈಲರ್ಟ್ ಕಟ್ಟಿದ ಎಲಿಫೆಂಟ್ ನೇಚರ್ ಪಾರ್ಕ್ ಮರ ಎಳೆದು, ಸವಾರಿ ಹೊತ್ತು ಬಸವಳಿದ ಆನೆಗಳಿಗೆ ಮನೆ. ಮುಂಚೆಯೇ ಬುಕ್ ಮಾಡಬೇಕು. ಕುತ್ತಿಗೆಗೆ ಹಿತ್ತಾಳೆ ಬಳೆ ಹಾಕಿದ ಕಯಾನ್ ಹೆಂಗಸರ ‘ಹಳ್ಳಿ’ಗೂ ಟಿಕೆಟ್ ಮಾರುತ್ತಾರೆ. ಬರ್ಮಾದಿಂದ ಓಡಿ ಬಂದ ನಿರಾಶ್ರಿತರು ಅವರು. ದುಡ್ಡು ಕೊಟ್ಟು ಮನುಷ್ಯರನ್ನು ನೋಡಿ ಬರಲು ನಮಗೆ ಮನಸ್ಸಾಗಲಿಲ್ಲ.

ಹಬ್ಬದ ಸಮಯಕ್ಕೆ ಹೋಗುವವರಿಗೆ

ಯೀ ಪೇಂಗ್ ಮತ್ತು ಲೋಯ್ ಕ್ರಥೋಂಗ್ ಬರುವುದು ಬಹುತೇಕ ನಮ್ಮ ಕಾರ್ತಿಕ ಹುಣ್ಣಿಮೆಗೇ. ಆಕಾಶಕ್ಕೆ ಸಾವಿರಾರು ದೀಪ ಏರುವ ಫೋಟೊ ನೋಡಿರುತ್ತೀರಿ. ಅದು ಊರಾಚೆ ನಡೆಯುವ ದುಬಾರಿ ಟಿಕೆಟಿನ ಕಾರ್ಯಕ್ರಮ. ಊರೊಳಗೆ ಎಲ್ಲೆಂದರಲ್ಲಿ ದೀಪ ಹಾರಿಸುವಂತಿಲ್ಲ, ವಿಮಾನಗಳಿಗೆ ಅಪಾಯ. ಟಿಕೆಟ್ ಸಿಗಲಿಲ್ಲ ಅಂತ ಕೊರಗಬೇಡಿ. ಸಂಜೆ ವಾಟ್ ಪಾನ್ ತಾವ್‌ನಲ್ಲಿ ಎಳೆಯ ಭಿಕ್ಷುಗಳು ಕೊಳದ ಸುತ್ತ ದೀಪ ಹಚ್ಚಿ ಕೂರುತ್ತಾರೆ. ಆಮೇಲೆ ಪಿಂಗ್ ನದಿಯ ದಡಕ್ಕೆ ನಡೆದು, ಬಾಳೆದಿಂಡಿನ ದೋಣಿಯಲ್ಲಿ ಹೂ, ಊದುಬತ್ತಿ, ದೀಪ ಇಟ್ಟು ತೇಲಿ ಬಿಡಿ. ಅದಕ್ಕೆ ಕೆಲವೇ ಬಾತ್ ಸಾಕು. ಬ್ರೆಡ್ಡಿನ ದೋಣಿ, ಥರ್ಮಕೋಲಿನ ದೋಣಿ ಬೇಡ, ಬಾಳೆಯದ್ದೇ ತೆಗೆದುಕೊಳ್ಳಿ.

ಏಪ್ರಿಲ್ 13ರಿಂದ 15 ಸೋಂಗ್‌ಕ್ರಾನ್. ಸಂಕ್ರಾಂತಿಯ ಪದವೇ, ಸೂರ್ಯ ಮೇಷಕ್ಕೆ ಬರುವ ಹೊಸ ವರ್ಷ. ಅಗಳಿನ ನೀರನ್ನೇ ಎತ್ತಿ ಎತ್ತಿ ಎರಚುತ್ತಾರೆ, ಮೂರು ದಿನ ಯಾರೂ ಒಣಗಿರುವುದಿಲ್ಲ. ವಾಟ್ ಪ್ರಾ ಸಿಂಗ್‌ನ ಬುದ್ಧನ ಮೆರವಣಿಗೆಯಲ್ಲಿ ಮಾತ್ರ ಘಮಘಮಿಸುವ ನೀರನ್ನು ಮೆಲ್ಲಗೆ ಚಿಮುಕಿಸುತ್ತಾರೆ. ಹೊಗೆಯ ಕಾಲ ಅನ್ನುವುದು ನೆನಪಿರಲಿ. ಪಾಸ್‌ಪೋರ್ಟನ್ನು ರೂಮಿನಲ್ಲೇ ಬಿಡಿ.

ಹೊರಡುವ ದಿನ

ಬೆಳಗ್ಗೆ ವರೋರೋಟ್ ಮಾರುಕಟ್ಟೆಗೆ ಹೋಗಿ. ಊರಿನವರು ಅದನ್ನು ‘ಕಾಡ್ ಲುವಾಂಗ್’, ದೊಡ್ಡ ಸಂತೆ, ಅನ್ನುತ್ತಾರೆ. ಒಣ ಹಣ್ಣು, ಚಹ, ಹತ್ತಿ ಬಟ್ಟೆ ಎಲ್ಲ ನೈಟ್ ಬಜಾರ್‌ಗಿಂತ ಅಗ್ಗ. ಪಕ್ಕದಲ್ಲೇ ನದಿಯ ದಂಡೆಗೆ ಹೂವಿನ ಮಾರುಕಟ್ಟೆ. ಅಮ್ಮ ಅಲ್ಲಿ ಅರ್ಧ ಗಂಟೆ ನಿಂತು ಮಲ್ಲಿಗೆ ಪೋಣಿಸುವುದನ್ನು ನೋಡಿದರು. ಅಲ್ಲಿ ಅದು ದೇವರಿಗೆ, ಮುಡಿಯುವುದಕ್ಕಲ್ಲ. ಆದರೂ ಒಂದು ಮಾಲೆ ಕೊಂಡು ಮುಡಿದೇಬಿಟ್ಟರು. ಮಾರುವಾಕೆ ಗಾಬರಿಯಾಗಿ ನೋಡಿ, ಆಮೇಲೆ ತಾನೇ ಪಿನ್ ಸರಿಮಾಡಿ ಕೊಟ್ಟಳು.

ಬುದ್ಧನ ಮೂರ್ತಿ ಕೊಳ್ಳುವವರು ಗಮನಿಸಿ: ಅದನ್ನು ದೇಶದಾಚೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಇನ್ನು ಮೆಣಸಿನಕಾಯಿ ಸುಟ್ಟು ಕುಟ್ಟಿದ ನಾಮ್ ಪ್ರಿಕ್ ನೂಮ್ ಚಟ್ನಿ ತರುವುದಾದರೆ ಮೀನಿನ ಸಾಸ್ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ, ಡಬ್ಬಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ನಮ್ಮದು ಕೈಚೀಲದಲ್ಲಿತ್ತು, ಸೆಕ್ಯುರಿಟಿಯಲ್ಲೇ ಉಳಿಯಿತು.